ಚಕ್ರ ಬಿಚ್ಚದ ತಜ್ಞರು

ಈ ಕಥೆಯನ್ನು ನಾನು ಮೂವರಿಂದ ಕೇಳಿದ್ದೇನೆ. ಕಾರು ಕಲಿಸುವ ಹೆಂಗಸು ಒಮ್ಮೆ ಹೇಳಿದಳು. ಗ್ಯಾರೇಜಿನ ಮೇಸ್ತ್ರಿ ಎರಡು ಸಲ ಹೇಳಿದ. ಆಕೆಯ ಭಾವ ನಾನು ಕೇಳದಿದ್ದರೂ ಹೇಳಿದರು. ಮೊದಲಿಬ್ಬರ ಕಥನ ಹೆಚ್ಚುಕಡಿಮೆ ಒಂದೇ. ಮೂರನೆಯದರಲ್ಲಿ ಭಾವನವರೇ ಎಲ್ಲರನ್ನೂ ಕಾಪಾಡುತ್ತಾರಾದ್ದರಿಂದ ಅದನ್ನು ಅಷ್ಟಾಗಿ ಬಳಸಿಕೊಂಡಿಲ್ಲ.

ಭಾವನವರು ಕಾರ್ಖಾನೆಯೊಂದರ ಉಗ್ರಾಣದಲ್ಲಿದ್ದವರು. ಮೂವತ್ತೊಂದು ವರ್ಷ ಕಿಟಕಿಯಾಚೆಗೆ ನಟ್ಟು ಬೋಲ್ಟುಗಳನ್ನು ದಾಟಿಸಿ, ಯಂತ್ರಗಳೆಲ್ಲ ತಮ್ಮ ಕಣ್ಣೆದುರೇ ಹುಟ್ಟಿದವು ಎಂಬ ನಂಬಿಕೆಯೊಡನೆ ನಿವೃತ್ತರಾದರು. ಮನೆಯವರು ಬೆನ್ನ ಹಿಂದೆ ಅವರನ್ನು ‘ತಜ್ಞರು’ ಎನ್ನುತ್ತಿದ್ದರು. ಒಮ್ಮೆ ಅದು ಅವರ ಕಿವಿಗೂ ಬಿತ್ತು. ಹೊಗಳಿಕೆಯೆಂದೇ ತಿಳಿದರು.

ಹೊಸ ಕಾರು ಕೊಂಡಾಗ ಅವರು ಇಪ್ಪತ್ತೆರಡು ವರ್ಷದ ಹಳೆಯ ಕಾರನ್ನು ನಾದಿನಿಗೆ ದಯಪಾಲಿಸಿದರು. ಆಕೆ ತನ್ನ ಕಾಲಬಳಿ ಇನ್ನೊಂದು ಬ್ರೇಕ್ ಪೆಡಲು ಕೂಡಿಸಿಕೊಂಡು ಕಲಿಕಾ ಶಾಲೆ ತೆರೆದಳು. ಇಡೀ ಶಾಲೆಯೆಂದರೆ ಆ ಒಂದು ಕಾರು. ಆಕೆಯ ಅನ್ನವೂ ಅದೇ. ಕಾಗದಪತ್ರ ಮಾತ್ರ ಭಾವನವರ ಹೆಸರಿನಲ್ಲೇ ಉಳಿಯಿತು.

ಮೊದಲು ತಿರುವುಗಳಲ್ಲಿ ಬ್ರೇಕಿನ ಕೆಂಪು ದೀಪ ಮಿಣುಕಿತು. ವಾರದೊಳಗೆ ಆರದೆ ಉರಿಯತೊಡಗಿತು.

“ಮೇಸ್ತ್ರಿಗೆ ತೋರಿಸ್ತೀನಿ ಭಾವ,” ಎಂದಳು ಆಕೆ.

“ಅವನಿಗಾ? ದೀಪ ತೋರಿಸಿದರೆ ಇಂಜಿನ್ನನ್ನೇ ಕೆಳಗಿಳಿಸೋ ಆಸಾಮಿ ಅವನು. ನಾನಿನ್ನೂ ಬದುಕಿದೀನಮ್ಮಾ!”

ಇಸ್ತ್ರಿಯಾದ ಬಿಳಿ ಅಂಗಿ ತೊಟ್ಟು ತಜ್ಞರು ಬಂದರು. ಹ್ಯಾಂಡ್‌ಬ್ರೇಕನ್ನು ಹನ್ನೊಂದು ಸಲ ಎಳೆದು ಬಿಟ್ಟರು. ಫ್ಯೂಸೊಂದನ್ನು ಕಿತ್ತು, ಊದಿ, ಮತ್ತೆ ಸಿಕ್ಕಿಸಿದರು. ಕೊನೆಗೆ ಬಾನೆಟ್ ಎತ್ತಿ ನೋಡಿದರೆ ಡಬ್ಬಿಯಲ್ಲಿ ಬ್ರೇಕ್ ಆಯಿಲು ಕೆಳಗಿನ ಗೆರೆಗಿಂತ ತಗ್ಗಿತ್ತು. ಸುರಿದರು, ದೀಪ ಆರಿತು.

“ನೋಡಿದ್ಯಾ? ಪಾಪ, ಬಾಯಾರಿತ್ತು ಅಷ್ಟೇ.”

“ಇದ್ದ ಆಯಿಲ್ ಎಲ್ಲಿ ಹೋಯ್ತು ಭಾವ? ನೆಲದ ಮೇಲೆ ಒಂದು ಹನಿಯೂ ಇಲ್ವಲ್ಲ.”

“ಆವಿಯಾಗಿರುತ್ತೆ. ಬಿಸಿಲು ನೋಡು ಹೇಗಿದೆ.”

ಮುಚ್ಚಿದ ಡಬ್ಬಿಯಿಂದ ಬ್ರೇಕ್ ಆಯಿಲು ಹಾಗೆ ಹಾರಿಹೋಗುವುದಿಲ್ಲ. ಚಕ್ರದೊಳಗೆ ತಿರುಗುವ ಡಿಸ್ಕನ್ನು ಅದುಮಿ ಹಿಡಿಯುವ ಪ್ಯಾಡು ಸವೆದಂತೆಲ್ಲ ಅದನ್ನೊತ್ತುವ ಪಿಸ್ಟನ್ ಇನ್ನಷ್ಟು ಹೊರಬರುತ್ತದೆ. ತೆರವಾದ ಜಾಗಕ್ಕೆ ಆಯಿಲು ಇಳಿಯುತ್ತದೆ. ದೀಪ ಹೇಳಲು ಹೊರಟಿದ್ದದ್ದು ಇಷ್ಟೇ. ಇದನ್ನು ಕಣ್ಣಾರೆ ಕಾಣಬೇಕಾದರೆ ಚಕ್ರ ಬಿಚ್ಚಬೇಕು; ಚಕ್ರ ಬಿಚ್ಚಬೇಕಾದರೆ ಮಣ್ಣಿನಲ್ಲಿ ಮಂಡಿಯೂರಬೇಕು. ನಿಂತಲ್ಲಿಂದ ಕೈಗೆ ಎಟುಕದ್ದೆಲ್ಲ ತಜ್ಞರ ಮಟ್ಟಿಗೆ ಸರಿಯಾಗಿಯೇ ಇರುತ್ತಿತ್ತು.

ಎರಡು ತಿಂಗಳಲ್ಲಿ ದೀಪ ಮತ್ತೆ ಹತ್ತಿತು. ಅವರು ಮತ್ತೆ ಸುರಿದರು. ಒಟ್ಟು ಮೂರು ಸಲ ಸುರಿದರೆಂದು ಮೇಸ್ತ್ರಿ ಹೇಳುತ್ತಾನೆ. ನಾನು ಎರಡೆಂಬ ಆಕೆಯ ಮಾತನ್ನೇ ಒಪ್ಪಿದ್ದೇನೆ. ದಿನವಿಡೀ ಆ ದೀಪದೆದುರು ಕೂತವಳು ಅವಳು. ಆಮೇಲೆ ಬ್ರೇಕ್ ಒತ್ತಿದಾಗೆಲ್ಲ ಮುಂದಿನ ಎಡಚಕ್ರ ಕರಕರ ಎನ್ನತೊಡಗಿತು.

“ದೀಪ ಉರೀತಿದ್ಯಾ?” ಎಂದು ಕೇಳಿದರು ಭಾವ.

“ಇಲ್ಲ. ಆದರೆ ಸದ್ದು...”

“ಹಳೇದಾಯ್ತಲ್ಲಮ್ಮಾ. ನಿಮ್ಮಕ್ಕನ ಹಾಗೆ. ಕಾರಣ ಇಲ್ಲದೇ ಗೊಣಗುತ್ತೆ.”

ಅಡುಗೆಮನೆಯಲ್ಲಿ ಸೌಟು ಕೊಂಚ ಜೋರಾಗಿಯೇ ಕೆಳಗಿಳಿಯಿತು.

“ಇನ್ನೊಂದು ಮಾತು,” ಎಂದರು ಭಾವ. “ಆ ಮೇಸ್ತ್ರಿಯ ಶೆಡ್ಡಿಗೆ ಕಾರು ಹೋಯ್ತೋ, ಬೀಗದಕೈ ನನ್ನ ಮನೆಗೆ ವಾಪಸ್ ಬರುತ್ತೆ.”

ಮುಂದಿನ ವಾರ ಆಕೆಯ ನಾಲ್ವರು ಶಿಷ್ಯರಿಗೆ ಇಳಿಜಾರು ರಸ್ತೆಯಲ್ಲಿ ಲೈಸೆನ್ಸ್ ಪರೀಕ್ಷೆಯಿತ್ತು. ಶೆಡ್ಡಿಗೆ ಹೋದರೆ ಶಾಲೆ ಮುಚ್ಚುತ್ತದೆ. ಹೋಗದಿದ್ದರೆ ಕಂಡವರ ಮಕ್ಕಳನ್ನು ಆ ಕರಕರದೊಡನೆ ಇಳಿಜಾರಿಗೆ ಇಳಿಸಬೇಕು. ಆಕೆ ಸಮತಟ್ಟು ಮೈದಾನ ಬಿಟ್ಟು ಕದಲದೆ ನಾಲ್ಕು ದಿನ ಬರೀ ರಿವರ್ಸ್ ಕಲಿಸಿದಳು.

“ಮೇಡಂ,” ಎಂದನೊಬ್ಬ ದಢೂತಿ ಶಿಷ್ಯ, “ಪರೀಕ್ಷೆಗೂ ಹಿಂದುಹಿಂದಕ್ಕೇ ಹೋಗಬೇಕಾ?”

ಐದನೆಯ ದಿನ ಅಕ್ಕನ ಮನೆಯಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಆಕೆ ಹೇಳಿದಳು: “ಭಾವ, ನಿಮ್ಮ ಮಗಳಿಗೂ ಹದಿನೆಂಟು ತುಂಬಿತಲ್ಲ. ನಾಳೆಯಿಂದ ಕಲಿಸ್ತೀನಿ. ಮೊದಲ ದಿನವೇ ಇಳಿಜಾರು.”

ಮಗಳು ಕೂತಲ್ಲೇ ಚಪ್ಪಾಳೆ ತಟ್ಟಿದಳು. ಭಾವನವರ ಲೋಟ ತುಟಿಯ ಹತ್ತಿರ ನಿಂತಿತು.

“ಇವಳಿಗಾ? ಇಳಿಜಾರಾ? ಇನ್ನೂ ಮಗು ಕಣಮ್ಮಾ... ಒಂದು ಕೆಲಸ ಮಾಡು. ಆ ಮೇಸ್ತ್ರಿ ಒಂದು ಸಲ ನೋಡಿಬಿಡಲಿ.”

“ದೀಪ ಉರೀತಿಲ್ವಲ್ಲ ಭಾವ?”

“ಆದರೂ.”

“ಅಪ್ಪಾ,” ಎಂದಳು ಮಗಳು, “ಹಾಗಾದ್ರೆ ಚಿಕ್ಕಮ್ಮ ಇಷ್ಟು ದಿನ ಯಾರ ಮಕ್ಕಳನ್ನ ಕೂರಿಸ್ಕೊಂಡು ಓಡಾಡ್ತಿದ್ದಳು?”

ಚಹಾಕ್ಕೆ ಸಕ್ಕರೆ ಸಾಲದೆಂಬುದು ಭಾವನವರಿಗೆ ಆಗಲೇ ಹೊಳೆಯಿತು.

ಮರುದಿನ ಮೇಲ್ವಿಚಾರಣೆಗೆಂದು ಅವರೂ ಶೆಡ್ಡಿಗೆ ಬಂದರು. ಮೇಸ್ತ್ರಿ ಜಾಕಿಯಿಂದ ಕಾರನ್ನೆತ್ತಿ ಎಡಚಕ್ರ ಬಿಚ್ಚಿದ. ಪ್ಯಾಡಿನ ಜಾಗದಲ್ಲಿ ಬರಿಯ ಕಬ್ಬಿಣದ ತಗಡು. ಅದು ಉಜ್ಜಿ ಉಜ್ಜಿ ಡಿಸ್ಕಿನ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರು.

“ಸಾರ್, ಇದು ಪ್ಯಾಡಲ್ಲ. ಪ್ಯಾಡಿನ ಅಸ್ಥಿ,” ಎಂದ ಮೇಸ್ತ್ರಿ.

ಡಿಸ್ಕುಗಳನ್ನೂ ಪ್ಯಾಡುಗಳನ್ನೂ ಬದಲಿಸಲೇಬೇಕಾಯಿತು. ಹೊಸ ದಪ್ಪ ಪ್ಯಾಡುಗಳಿಗೆ ಎಡೆಮಾಡಲು ಆತ ಪಿಸ್ಟನನ್ನು ಒಳಗೊತ್ತಿದ್ದೇ ತಡ, ಮೇಲಿನ ಡಬ್ಬಿಯಿಂದ ಆಯಿಲು ಉಕ್ಕಿ ಸುರಿಯಿತು. ಮೇಸ್ತ್ರಿ ಚಿಂದಿಬಟ್ಟೆ ಹಿಡಿದು ನಕ್ಕ: “ನೀವು ಹಾಕಿದ್ದೆಲ್ಲ ವಾಪಸ್ ಬಂತು ಸಾರ್. ಬಾಟಲಿ ಕೊಡಲಾ, ಮನೆಗೆ ತಗೊಂಡು ಹೋಗ್ತೀರಾ?”

“ಪ್ಯಾಡೇ ಇರಬಹುದು ಅಂತ ನಾನು ಮೊದಲೇ ಅಂದಿದ್ದೆ,” ಎಂದರು ಭಾವ. ಯಾರಿಗೆ ಅಂದಿದ್ದರೆಂದು ಅವರ ಕಥನದಲ್ಲೂ ಇಲ್ಲ.

ಆ ಸಂಜೆ ಅಕ್ಕ ಕಾರಿನ ಹಕ್ಕು ವರ್ಗಾಯಿಸುವ ಅರ್ಜಿಯನ್ನು ಗಂಡನ ಮುಂದಿಟ್ಟಳು.

“ಏನಿದು? ನನ್ನ ಮೇಲೆ ನಂಬಿಕೆ ಇಲ್ವಾ?”

“ಇಲ್ಲ,” ಎಂದಳು ಅಕ್ಕ. “ಸಹಿ ಹಾಕಿ.”

ಅವರು ಕನ್ನಡಕ ಏರಿಸಿ, ಅರ್ಜಿಯನ್ನು ಎರಡು ಸಲ ಓದಿ, ಇದನ್ನು ರೂಪಿಸಿದವನಿಗೆ ಬುದ್ಧಿಯೇ ಇಲ್ಲವೆಂದು ತೀರ್ಪಿತ್ತು, ಕೊಳ್ಳುವವರ ಜಾಗದಲ್ಲಿ ದೊಡ್ಡದಾಗಿ ಸಹಿ ಹಾಕಿದರು. ಅಕ್ಕ ಸೆರಗಿನ ಮರೆಯಿಂದ ಅರ್ಜಿಯ ಎರಡನೆಯ ಪ್ರತಿಯನ್ನು ತೆಗೆದು ಮೇಜಿನ ಮೇಲಿಟ್ಟು, ಕೊಡುವವರ ಸಹಿಯ ಜಾಗಕ್ಕೆ ಬೆರಳು ಒತ್ತಿ ಹಿಡಿದಳು.