ಒಂಟಿ ದನಿಗೆ ಜಾರ್ಜ್ ಅಂಕಲ್

ಗಲ್ಫಿನ ರಿಗ್ಗೈ ಬಡಾವಣೆಯ ಫ್ಲ್ಯಾಟಿನಲ್ಲಿ, ಹಾಡಿನ ಅಭ್ಯಾಸದ ನಡುವೆ ಲೊರೈನ್ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ದಿನವಿಡೀ ಆಸ್ಪತ್ರೆಯ ನರ್ಸು, ಬಿಡುವಿನಲ್ಲಿ ಇಗರ್ಜಿಯ ಗಾಯನವೃಂದದ ಯಜಮಾನಿ. ನಾನೂರು ವರ್ಷ ಹಿಂದಿನ ಇಂಗ್ಲಿಷ್ ಸಂಗೀತಗಾರ ವಿಲಿಯಂ ಬರ್ಡ್ ನಾಲ್ಕೇ ದನಿಗಳಿಗೆಂದು ಕಟ್ಟಿದ ಲ್ಯಾಟಿನ್ ಬಲಿಪೂಜೆಯ ಸಂಗೀತವನ್ನು ಡ್ಯೂಟಿ ಬಸ್ಸಿನಲ್ಲಿ ಕೇಳಿ ಮರುಳಾದವಳು. ಮೂರು ತಿಂಗಳಿಂದ ಅದರದೇ ಹುಚ್ಚು. ಅದನ್ನು ಹಾಡಿ ನೋಡಲು ಫಾದರ್ ರೋಶನ್ ರಜಾದಿನವಾದ ಶುಕ್ರವಾರದ ಒಂದು ಪೂಜೆ ಕೊಟ್ಟಿದ್ದರು. ಕೆಟ್ಟರೆ ಖಲಾಸ್, ಮತ್ತೆ ಡಬ್ ಡಬ್ ಎನ್ನುವ ಕೀಬೋರ್ಡೇ ಗತಿ.

ಬರ್ಡ್‌ನ ಸಂಗೀತದಲ್ಲಿ ಎಲ್ಲರೂ ಒಟ್ಟಿಗೆ ಬಾಯಿ ತೆರೆಯುವಂತಿಲ್ಲ. ಒಂದು ದನಿ ಹೊರಡಬೇಕು, ಉಳಿದವು ಕಾದು ಒಂದೊಂದಾಗಿ ಬರಬೇಕು. ವೃಂದದ ಐವಿ, ಕ್ಲೇಟನ್ ಹೇಗೋ ಕಲಿತರು. ಎಲ್ಲಕ್ಕಿಂತ ತಗ್ಗಿನ ದನಿಯಾದ ಬೇಸ್ ಹಾಡುವ ಜಾರ್ಜ್ ಅಂಕಲ್ ಮಾತ್ರ ಯಾರು ಒಂಟಿಯಾಗಿ ಶುರುಮಾಡಿದರೂ ಅವರ ಜೊತೆ ಸೇರಿಬಿಡುತ್ತಿದ್ದರು. ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ರೋಸ್ ಇರಲಿ, ಸಾವಿನ ಮನೆಯ ಪ್ರಾರ್ಥನೆಯಿರಲಿ, ಒಬ್ಬರ ದನಿ ಒಂಟಿಯಾದರೆ ಎತ್ತಿಕೊಡುವುದು ಅವರ ಊರಿನ ಮರ್ಯಾದೆ.

“ಅಂಕಲ್, ಅದು ಐವಿಯ ಜಾಗ! ನೀವು ಯಾಕೆ ಹಾಡುದು?”

“ಪಾಪ, ಹುಡುಗಿ ಒಬ್ಬಳೇ ಹಾಡ್ತಾ ಇದ್ದಾಳಲ್ಲ ಮಾರಾಯ್ತಿ. ನಾನು ಕಂಬದ ಹಾಗೆ ನಿಲ್ಲುದು ಹೇಗೆ?”

“ಕಂಬದ ಹಾಗೆಯೇ ನಿಲ್ಲಿ!”

ಅಂಕಲ್ ಮುಖ ಸಣ್ಣದು ಮಾಡಿಕೊಂಡು ಹೂಂ ಅಂದರು. ಹಿರಿಯರನ್ನು ಗದರಿದ್ದಕ್ಕೆ ಲೊರೈನ್‌ಗೆ ನಾಚಿಕೆಯಾಯಿತು, ಆದರೆ ಮಾತು ಹಿಂತೆಗೆದುಕೊಳ್ಳಲಿಲ್ಲ.

ಶುಕ್ರವಾರ ಇಗರ್ಜಿ ತುಂಬಿತ್ತು. ಮೊದಲು ಹೊರಡಬೇಕಾದದ್ದು ಲೊರೈನಳ ದನಿಯೇ. ಎರಡು ಸ್ವರ ಬಂತು. ಮೂರನೆಯದಕ್ಕೆ ಗಂಟಲು ಕೈಕೊಟ್ಟಿತು. ತುಂಬಿದ ಇಗರ್ಜಿಯಲ್ಲಿ ಒಬ್ಬಳೇ ಹಾಡುವುದೆಂದರೇನೆಂದು ಆಕೆಗೆ ಆಗ ಗೊತ್ತಾಯಿತು. ಮೂರು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಅಂಕಲ್ ಕಡೆ ನೋಡಿದಳು.

ಅವರು ತುಟಿ ಕಚ್ಚಿಕೊಂಡು ನಿಂತಿದ್ದರು. ಆಕೆಯ ಕಣ್ಣು ಕಂಡದ್ದೇ ತಡ, ಕೊಟ್ಟ ಮಾತು ಗಾಳಿಗೆ ಹೋಯಿತು. ಅವಳದೇ ರಾಗವನ್ನು ತಗ್ಗಿದ ದನಿಯಲ್ಲಿ ಮೆತ್ತಗೆ ಎತ್ತಿಕೊಂಡರು. ಲೊರೈನ್ ಅದಕ್ಕೆ ಆತುಕೊಂಡು ಮತ್ತೆ ಮೇಲೆದ್ದಳು. ಐವಿ ಬಂದಳು, ಕ್ಲೇಟನ್ ಬಂದ. ತಮ್ಮ ಸರದಿಗೆ ಸರಿಯಾಗಿ ಅಂಕಲ್ ಅವಳ ರಾಗ ಬಿಟ್ಟು ತಮ್ಮ ಬೇಸ್ ದನಿಗೆ ಇಳಿದರು.

ಪೂಜೆ ಮುಗಿದ ಮೇಲೆ ಫಾದರ್ ಬಂದು, ಮುಂದಿನ ತಿಂಗಳೂ ಇದೇ ಇರಲಿ ಎಂದರು. ಅಂಕಲ್ ಮಾತ್ರ ತಪ್ಪಿತಸ್ಥರಂತೆ ತಮ್ಮ ಬೂಟು ನೋಡುತ್ತಿದ್ದರು.

“ತಪ್ಪಾಯ್ತು ಮಗಾ. ಬಾಯಿ ಕೇಳ್ಲಿಲ್ಲ.”

ಲೊರೈನ್‌ಗೆ ಅಳುವೇ ಬಂತು. ಪೆನ್ಸಿಲ್ ಹುಡುಕಿ, ತನ್ನ ಸಂಗೀತದ ಹಾಳೆಯ ಮೊದಲ ಸಾಲಿನ ಮೇಲೆ ‘ಜಾರ್ಜ್ ಅಂಕಲ್ ಸಹ’ ಎಂದು ಬರೆದಳು. ಬರ್ಡ್‌ಗೆ ಬೇಸರವಾದರೆ ಬಂದು ಕೇಳಲಿ.