ದ್ವಾದಶಿಯ ರಕ್ತ

ರಾತ್ರಿ ಎಲ್ಲರೂ ಮಲಗಿದ ಮೇಲೆ, ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲಿಟ್ಟಿದ್ದ ಫೋನು ಗುರ್ರೆಂದು ಸಣ್ಣಗೆ ನಡುಗಿತು. ಲ್ಯಾಬಿನಿಂದ ಇವರ ರಿಪೋರ್ಟ್. ಅತ್ತೆಗೆ ಎಚ್ಚರವಾಗದಂತೆ, ದೀಪ ಹಾಕದೆ ಅಡಿಗೆಮನೆಯಲ್ಲೇ ನಿಂತು ತೆರೆದೆ.

ಇವರು ಇಂಜೆಕ್ಷನ್ನಿನಲ್ಲಿ ತೆಗೆದುಕೊಳ್ಳುವ ಹಾರ್ಮೋನು, ಟೆಸ್ಟೋಸ್ಟೆರಾನ್, ಸರಿಯಾಗಿತ್ತು. ಮುಂದಿನ ಇಂಜೆಕ್ಷನ್ನಿಗೆ ಸ್ವಲ್ಪ ಮುಂಚೆ, ಹಿಂದಿನದರ ಬಲ ಇಳಿದಿರುವ ಹೊತ್ತಿನಲ್ಲಿ ಅದನ್ನು ನೋಡುವುದು ಕ್ರಮ. ಕೆಂಪು ಬಣ್ಣದಲ್ಲಿದ್ದದ್ದು ಬೇರೆ ಸಾಲು: ಹೆಮಟೋಕ್ರಿಟ್, ಐವತ್ತೈದು. ನೂರು ಪಾಲು ರಕ್ತದಲ್ಲಿ ಕೆಂಪು ಕಣಗಳದ್ದು ಎಷ್ಟು ಪಾಲು ಎಂಬ ಲೆಕ್ಕ. ಈ ಔಷಧ ಕೆಲವರಲ್ಲಿ ಆ ಕಣಗಳನ್ನು ಹೆಚ್ಚಿಸಿ ರಕ್ತವನ್ನು ದಪ್ಪ ಮಾಡುತ್ತದೆ, ಐವತ್ತನಾಲ್ಕು ದಾಟಿದರೆ ನಿಲ್ಲಿಸಬೇಕಾಗುತ್ತದೆ ಎಂದು ವಡೋದರಾದ ಡಾಕ್ಟರಮ್ಮ ಮೊದಲೇ ಹೇಳಿದ್ದರು.

ನಿಲ್ಲಿಸುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಅಹಮದಾಬಾದಿನಲ್ಲಿ ಮಿದುಳಿನ ಬುಡದ ಗಡ್ಡೆ ತೆಗೆದ ಮೇಲೆ ಇವರ ದೇಹ ಆ ಹಾರ್ಮೋನು ತಯಾರಿಸುವುದನ್ನೇ ಬಿಟ್ಟಿತ್ತು. ಸೂರತ್‌ನ ಕತಾರ್‌ಗಾಮ್‌ನಲ್ಲಿ ನಮ್ಮ ಹೋಟೆಲು. ವಜ್ರ ಉಜ್ಜುವವರು ಬೆಳಗಿನ ನಾಷ್ಟಾಕ್ಕೆ ನುಗ್ಗುವಾಗ ಇವರು ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ಕೂತಿರುತ್ತಿದ್ದರು. ಕಾವಲಿಯ ಮುಂದೆ ನಿಲ್ಲಲು ಕಾಲಿಗೆ ಬಲವಿಲ್ಲ, ಮಾತಿಗೆ ಮನಸ್ಸಿಲ್ಲ. ಇಂಜೆಕ್ಷನ್ ಶುರುವಾದ ಮೇಲೆ ನನ್ನ ಗಂಡ ತಿರುಗಿ ಬಂದಿದ್ದರು, ಜಗಳದ ಸಮೇತ. ಇನ್ನೊಮ್ಮೆ ಅವರನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ರಾತ್ರಿಯೇ ರಿಪೋರ್ಟನ್ನು ಡಾಕ್ಟರಮ್ಮನಿಗೆ ಕಳಿಸಿದ್ದೆ. ಬೆಳಿಗ್ಗೆ ಉತ್ತರ ಬಂತು: ಸದ್ಯಕ್ಕೆ ಇಂಜೆಕ್ಷನ್ ಬೇಡ, ಬಂದು ಕಾಣಿ.

ಇವರು ಓದಿ ನಕ್ಕರು. "ರಕ್ತ ದಪ್ಪ ಆಯ್ತಂತೆ ಮಾರಾಯ್ತಿ! ಪ್ರಶಾಂತ್ ಅಣ್ಣಾ, ನಿನ್ನ ಸಾಂಬಾರ್ ನೀರು ನೀರು ಅಂತ ಗಿರಾಕಿಗಳು ನಂಗೆ ಬೈತಾರೆ. ಇಲ್ಲಾದ್ರೂ ದಪ್ಪ ಆಯ್ತಲ್ಲ."

ನನಗೆ ನಗು ಬರಲಿಲ್ಲ. ಸಾಂಬಾರು ಯಾವಾಗ ದಪ್ಪವಾಗುತ್ತದೆ? ಬೇಳೆ ಹೆಚ್ಚು ಬಿದ್ದರೆ; ಇಲ್ಲವೇ ಒಲೆಯ ಮೇಲೆ ಬಿಟ್ಟು ನೀರು ಹಾಕದಿದ್ದರೆ.

"ಇಕೊಳ್ಳಿ, ರಕ್ತ ಕೊಡ್ಲಿಕ್ಕೆ ನೀವು ದ್ವಾದಶಿ ಬೆಳಿಗ್ಗೆಯೇ ಯಾಕೆ ಹೋದದ್ದು?"

"ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ರಲ್ಲ. ಹೇಗೂ ಏಕಾದಶಿ ಉಪವಾಸ ಉಂಟು, ಅದಕ್ಕಂತ ಇನ್ನೊಂದು ದಿನ ಎಂತಕ್ಕೆ ಹಸಿದು ಕೂತ್ಕೊಳ್ಳುದು? ಲ್ಯಾಬಿಂದ ಬಂದು ಪಾರಣೆ ಮಾಡಿದೆ. ಒಂದೇ ಉಪವಾಸ, ಎರಡು ಕೆಲಸ."

"ನೀರು?"

"ನಿರ್ಜಲ ಅಂದ್ರೆ ನಿರ್ಜಲ."

ಗಡ್ಡೆ ತೆಗೆದು ಬದುಕಿ ಬಂದದ್ದಕ್ಕೆ ಹೊತ್ತ ಹರಕೆ ಅದು. ಮೇ ತಿಂಗಳ ಸೂರತ್, ಗ್ಯಾಸಿನ ಮೇಲೆ ಕಾವಲಿ, ಇಡೀ ದಿನ ಬೆವರು, ಇಡೀ ರಾತ್ರಿ ಒಣಗಿದ ಬಾಯಿ. ಆ ಮೇಲೆ ತೆಗೆದ ರಕ್ತ.

ವಡೋದರಾಕ್ಕೆ ಹೋದೆವು. ಉಪವಾಸದ ಸುದ್ದಿ ಎತ್ತಬೇಡ, ನಗ್ತಾರೆ ಎಂದು ಇವರು ರೈಲಿನುದ್ದಕ್ಕೂ ಹೇಳುತ್ತಲೇ ಇದ್ದರು. ಕುರ್ಚಿಯಲ್ಲಿ ಕೂತ ಕೂಡಲೇ ನಾನು ಹಿಂದಿಯಲ್ಲಿ ಅದನ್ನೇ ಹೇಳಿದೆ.

"ಪಾಣಿ ಪಣ ನಹಿ?" ನೀರೂ ಇಲ್ಲವೇ ಎಂದು ಡಾಕ್ಟರಮ್ಮ ಕನ್ನಡಕ ತೆಗೆದರು. "ಪ್ರಶಾಂತ್‌ಭಾಯ್, ನಮ್ಮ ಗುಜರಾತಿ ಏಕಾದಶಿಗೆ, ಅಗಿಯಾರಸಕ್ಕೆ ಬನ್ನಿ. ಸಾಬಕ್ಕಿ, ಬಟಾಟೆ ವೇಫರ್, ಹುರಿದ ಶೇಂಗಾ. ಉಪವಾಸ ಮಾಡಿ ನಾವು ಎರಡು ಕಿಲೋ ಏರುತ್ತೇವೆ!"

ಇವರು ನನ್ನನ್ನು ದುರುಗುಟ್ಟಿ ನೋಡಿದರು.

"ಮೇಡಂ, ನೀರು ಕುಡಿಸಿ ಇನ್ನೊಮ್ಮೆ ನೋಡಿ," ಎಂದೆ. "ಆ ಮೇಲೆ ನಿಲ್ಲಿಸುವುದೋ ಬಿಡುವುದೋ ಹೇಳಿ."

ಅವರು ನಗು ನಿಲ್ಲಿಸಿದರು. "ನೀರಿನ ಕೊರತೆಯಿಂದ ಈ ಅಂಕಿ ಏರುವುದುಂಟು ಬೆಹೆನ್. ಆದರೆ ಔಷಧದಿಂದಲೇ ಏರಿರಬಹುದು. ಮತ್ತೆ ಹೆಚ್ಚೇ ಬಂದರೆ ನಿಲ್ಲಿಸುತ್ತೇನೆ. ಆಗ ವಾದ ಮಾಡಬಾರದು."

"ಮಾಡುವುದಿಲ್ಲ," ಎಂದೆ.

ಅಷ್ಟಮಿಯ ಬೆಳಿಗ್ಗೆ ಮತ್ತೆ ರಕ್ತ ಕೊಟ್ಟರು. ಹಿಂದಿನ ದಿನವೆಲ್ಲ ನಾನು ಚೊಂಬು ಹಿಡಿದು ಹಿಂದೆ ತಿರುಗಿದ್ದೆ. ಹೆಮಟೋಕ್ರಿಟ್ ಐವತ್ತು ಬಂತು. ಮತ್ತೆ ವಡೋದರಾಕ್ಕೆ ಹೋದಾಗ ಡಾಕ್ಟರು ಇಂಜೆಕ್ಷನ್ ಕೊಟ್ಟರು, ಜೊತೆಗೆ ಎಚ್ಚರಿಕೆಯನ್ನೂ: ಐವತ್ತು ಸಣ್ಣದೇನಲ್ಲ, ಮೂರು ತಿಂಗಳಿಗೆ ಮತ್ತೆ ನೋಡಬೇಕು, ನೀರಿಲ್ಲದ ಉಪವಾಸ ಇನ್ನು ಬೇಡವೇ ಬೇಡ.

ವಾಪಸು ಬರುವಾಗ ಇವರು ಕಿಟಕಿಯ ಕಡೆ ಮುಖ ಮಾಡಿದರು. "ಹರಕೆ ಹರಕೆಯೇ. ಬೇಕಾದ್ರೆ ಟೆಸ್ಟನ್ನು ಬೇರೆ ದಿನ ಇಟ್ಕೊಳ್ಳುವ."

"ಲ್ಯಾಬಿಗೆ ಮೋಸ ಮಾಡ್ಬಹುದು. ದಪ್ಪ ಆದ ರಕ್ತ ಎಲ್ಲಾದ್ರೂ ಹೆಪ್ಪುಗಟ್ಟಿದ್ರೆ ಅದಕ್ಕೆ ಎಂತ ಹೇಳ್ತೀರಿ, ಇವತ್ತು ಏಕಾದಶಿ ಅಂತಲಾ?"

ಸೂರತ್‌ನಲ್ಲಿ ಇಳಿದ ಕೂಡಲೇ ಇವರು ನೇರ ಹೋಟೆಲಿಗೆ ನಡೆದರು.

ಏಕಾದಶಿ ಬಂತು. ಅತ್ತೆ ಬೆಳಿಗ್ಗೆಯೇ ಕನ್ನಡ ಸಂಘದ ಸೀತಕ್ಕನಿಗೆ ಫೋನು ಹಚ್ಚಿದ್ದರು. "ನಿಮ್ಮವ್ರು ಕಾಫಿ ಕುಡಿದು ಉಪವಾಸ ಅಂತಾರೆ. ನನ್ನ ಮಗ ನೋಡಿ, ಆ ಬೆಂಕಿ ಎದುರು ನಿಂತು ಹನಿ ನೀರು ಮುಟ್ಟುದಿಲ್ಲ!"

ಕಾವಲಿಯ ಮುಂದೆ ಇವರ ಅಂಗಿ ಬೆನ್ನಿಗೆ ಅಂಟಿತ್ತು. ಗಿರಾಕಿಗಳ ಗದ್ದಲ ಇಳಿದ ಮೇಲೆ ಕರಿಬೇವು ತರಲು ಹಿಂದಿನ ಕೋಣೆಗೆ ಹೋದೆ.

ಇವರು ಗೋಡೆಯ ಕಡೆ ತಿರುಗಿ ನಿಂತಿದ್ದರು. ಚೊಂಬನ್ನು ಮೇಲಕ್ಕೆತ್ತಿ, ತುಟಿಗೆ ತಾಗಿಸದೆ, ಕಣ್ಣು ಮುಚ್ಚಿ ಗಟಗಟನೆ ಕುಡಿಯುತ್ತಿದ್ದರು. ಮುಗಿದ ಮೇಲೆ ಕೈ ಜೋಡಿಸಿ ಏನೋ ಗೊಣಗಿದರು. ಚೊಂಬನ್ನು ಮತ್ತೆ ತುಂಬಿಸಿಕೊಂಡರು.

ನಾನು ಸದ್ದಾಗದಂತೆ ಹಿಂದೆ ಸರಿದೆ. ಅತ್ತೆಗೆ ಹೇಳುವುದಿಲ್ಲ, ಡಾಕ್ಟರಿಗೂ ಹೇಳುವುದಿಲ್ಲ. ನಾನು ಕಂಡೆನೆಂದು ಇವರಿಗೂ ಯಾವತ್ತೂ ಹೇಳಬಾರದೆಂದು ಅಲ್ಲಿಯೇ ನಿಶ್ಚಯಿಸಿಕೊಂಡೆ.