ಕೋಗಿಲವಾಣಿಯ ಗೋಡೆಯ ಮೇಲಿನ ಕೌದಿ

ನಾನೊಂದು ಕೌದಿ. ಹರಕು ಬಟ್ಟೆಯಿಂದ ಹುಟ್ಟಿದವಳು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಆಮೇಲೆ ಯಾರೂ ಹಂಗಿಸಿ ಆಡಬಾರದು.

ನನ್ನ ಮೈಯಲ್ಲಿ ಇಳಕಲ್ಲ ಸೀರೆಯ ಸೆರಗಿದೆ, ಕುರಿ ಕಾಯುವ ಮುದುಕನೊಬ್ಬನ ರುಮಾಲಿದೆ, ಯಾವುದೋ ಹುಡುಗಿಗೆ ಗಿಡ್ಡವಾದ ಲಂಗವಿದೆ, ತೀರಿಕೊಂಡವರ ಧೋತರವೂ ಇದೆ. ಕಣವಿಹಾಳ ಎಂಬ ಊರಿನ ಮನೆಮನೆಯೂ ಒಂದೊಂದು ತುಂಡು ಕೊಟ್ಟಿದೆ. ಆ ತುಂಡುಗಳನ್ನು ಪದರ ಪದರವಾಗಿ ಹಾಸಿ, ಇರುವೆ ಸಾಲಿನಂಥ ಹೊಲಿಗೆ ಹಾಕಿ ನನ್ನನ್ನು ಮಾಡಿದವಳು ಫಕೀರವ್ವ. ಮಗಳ ಬಾಣಂತನಕ್ಕೆಂದು ಇಡೀ ಬೇಸಿಗೆ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಹೊಲಿದಳು. ಕೊನೆಯ ಮೂಲೆ ಮುಚ್ಚುವ ಮುಂಚೆ ಅದರೊಳಗೆ ಹೋಳಿಗೆಯ ಚೂರೊಂದನ್ನು ಇಟ್ಟಳು. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂಬುದು ನಮ್ಮೂರವರ ನಂಬಿಕೆ.

ಫಕೀರವ್ವ ಹೊಲಿಯುತ್ತಿದ್ದುದು ಬಿಡುವಿನಲ್ಲಿ. ಅವಳ ನಿಜವಾದ ಕಸುಬು ಗೀಗೀ ಪದ. ಎಡಗೈಯಲ್ಲಿ ದಪ್ಪು ಹಿಡಿದು ಬಡಿಯುತ್ತ ನಿಂತಳೆಂದರೆ ಮಲಗಿದ ದನವೂ ಎದ್ದು ಕಿವಿ ನಿಮಿರಿಸಬೇಕು. ಹಿಂದೆ ತುಂತುಣಿ ಮೀಟುತ್ತ ಕರಿಯವ್ವ ನಿಲ್ಲುವಳು. ಆ ಪದಗಳಿಗೆ ಒಂದು ಕಟ್ಟಳೆ ಇದೆ. ಎಷ್ಟೇ ಉದ್ದದ ಪದವಿರಲಿ, ಕೊನೆಯ ನುಡಿಯಲ್ಲಿ ಊರಿನ ಹೆಸರು, ಕಲಿಸಿದ ಗುರುವಿನ ಹೆಸರು ಬರಲೇಬೇಕು. ಫಕೀರವ್ವನ ಕೊನೆಯ ನುಡಿ ಹೀಗಿತ್ತು:

ಕೆರಿಯ ಕೆಳಗಿನ ಊರು ಕಣವಿಹಾಳ ನಮ್ಮದು
ಕಲಿಸಿಕೊಟ್ಟ ಬಾಯಿ ಗುರು ಬಸಲಿಂಗಂದು
ಕೂಡಿ ಹಾಡಿದ ದನಿ ಫಕೀರವ್ವಂದು
ತಪ್ಪಿದ್ರ ತಿದ್ರಿ, ಮರೀಬ್ಯಾಡ್ರಿ ಹೆಸರು ಊರಿಂದು

ಇದಿಷ್ಟು ಹಾಡಿದ ಮೇಲೆಯೇ ಅವಳು ದಪ್ಪು ಕೆಳಗಿಡುತ್ತಿದ್ದಳು.

ಅದು ಟ್ರ್ಯಾಕ್ಟರಿನಲ್ಲೂ ಚಹಾದಂಗಡಿಯಲ್ಲೂ ಕ್ಯಾಸೆಟ್ಟು ಹಾಡುತ್ತಿದ್ದ ಕಾಲ. ಗದಗಿನ ಅರಳೆ ವ್ಯಾಪಾರಿ ಚನ್ನಮಲ್ಲಪ್ಪ ಸಾವಕಾರರು ವ್ಯಾಪಾರ ಇಳಿಯುತ್ತಿದ್ದಂತೆ ತಮ್ಮ ಖಾಲಿ ಗೋದಾಮಿಗೆ ಸುಣ್ಣ ಬಳಿಸಿ 'ಕೋಗಿಲವಾಣಿ ಕ್ಯಾಸೆಟ್ ಕಂಪನಿ' ಎಂದು ಬೋರ್ಡು ಹಾಕಿದರು. ರೆಕಾರ್ಡಿಂಗ್ ಮಾಡಲು ದಾವಲಸಾಬನನ್ನು ಇಟ್ಟುಕೊಂಡರು. ಅವನು ಮದುವೆಮನೆಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುತ್ತಿದ್ದವನು. ಮೈಕು ಬಂತು, ಟೇಪಿನ ದೊಡ್ಡ ಯಂತ್ರ ಬಂತು, ಹಾಡುವವರೂ ಬಂದರು. ಆದರೆ ಕಲ್ಲಿನ ಗೋಡೆ, ತಗಡಿನ ಮಾಡು. ಒಬ್ಬರು ಕೆಮ್ಮಿದರೆ ನಾಲ್ಕು ಮಂದಿ ಕೆಮ್ಮಿದಂತೆ ಕೇಳುತ್ತಿತ್ತು. ದಾವಲಸಾಬ ಗೋಣಿಚೀಲ ಕಟ್ಟಿದ. ಇಲಿ ಸೇರಿಕೊಂಡು ಹಾಡಿನ ನಡುವೆ ಕಿಚಕಿಚ ಎಂದವು. ಮೊಟ್ಟೆಯ ಟ್ರೇ ಅಂಟಿಸಿದ; ಅದನ್ನು ಕಂಡ ಶಿವಭಜನೆಯವರು ಹೊಸಲಿನಾಚೆಯೇ ನಿಂತರು.

ಫಕೀರವ್ವನ ಮೇಳ ಬಂದದ್ದು ಆಗ. ಒಂದೇ ದಿನದಲ್ಲಿ ಕೆಲಸ ಮುಗಿಯುವಂತಿರಲಿಲ್ಲ. ಹಾಸಲು ಹೊದೆಯಲು ನನ್ನನ್ನೂ ಕಟ್ಟಿಕೊಂಡು ಬಂದಿದ್ದರು. ಮರುದಿನ ಬೆಳಿಗ್ಗೆ ಕರಿಯವ್ವ ನನ್ನನ್ನು ಮಡಚುವ ಬೇಸರಕ್ಕೆ ಗೋಡೆಯ ಪಕ್ಕದ ಹಗ್ಗದ ಮೇಲೆ ಎಸೆದಳು. ಫಕೀರವ್ವ ಸುಮ್ಮನೆ ದನಿ ತೆಗೆದು ನೋಡಿದಳು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತಿದ್ದ ದಾವಲಸಾಬ ಎದ್ದು ನಿಂತ.

"ಅವ್ವಾ, ಇನ್ನೊಮ್ಮೆ ಅನ್ನು."

ಅವಳು ಅಂದಳು. ಅವನು ನನ್ನನ್ನು ಹಗ್ಗದಿಂದ ಎಳೆದು, ಮತ್ತೆ ಅನ್ನಿಸಿದ. ಮತ್ತೆ ಹಾಕಿ, ಮತ್ತೆ ಅನ್ನಿಸಿದ.

"ನಿನಗೇನ ಹುಚ್ಚ ಹಿಡದೈತೇನೋ ದಾವಲಣ್ಣ?"

"ಹುಚ್ಚಲ್ಲವ್ವಾ. ನಿನ್ನ ಕೌದಿ ಗದ್ದಲಾ ತಿಂದು ದನಿ ಅಷ್ಟ ಬಿಡಾಕತ್ತೈತಿ. ಇಂಥಾವು ಇನ್ನೆಷ್ಟ ಅದಾವು ನಿಮ್ಮೂರಾಗ?"

ಹೀಗೆ ಕಣವಿಹಾಳದ ಕೌದಿಗಳೆಲ್ಲ ಗಾಡಿಯಲ್ಲಿ ಬಂದವು. ಅವನು ಸಡಗರದಲ್ಲಿ ನನ್ನ ಅಂಚಿಗೆ ಮೊಳೆ ಇಟ್ಟು ಸುತ್ತಿಗೆ ಎತ್ತಿದಾಗ ಫಕೀರವ್ವ ಕೂಗಿದಳು: "ಹಸಗೂಸಿನ ಹಾಸಗಿಗೆ ಮಳಿ ಹೊಡೀತಿಯಲ್ಲೋ ಖೋಡಿ!" ಆಮೇಲೆ ಬಿದಿರಿನ ಗಳಕ್ಕೆ ಹಗ್ಗದಿಂದ ಕಟ್ಟಿ ತೂಗುಬಿಟ್ಟರು. ಸಾವಕಾರರು ಬೆಲೆ ಕೇಳಿದರು. ಅವಳು ಹೇಳಿದಳು: "ಕೌದಿ ಮಾರೂದಲ್ರಿ. ಇಟ್ಟೀವಿ, ಅಷ್ಟ. ನವರಾತ್ರಿ ಮುಂದ ಬಂದು ಕೆರಿಗೆ ಒಯ್ದು ಒಗದು ತರ್ತೀವಿ."

ಮಾತಿನಂತೆ ವರ್ಷವರ್ಷವೂ ಬಂದರು. ಕೌದಿಗಳು ಕೆರೆಗೆ ಹೋದ ದಿನ ಕೋಗಿಲವಾಣಿಗೆ ರಜೆ. ಎಂಥ ದೊಡ್ಡ ಗವಾಯಿ ಬಂದರೂ ನಾವು ಒಣಗಿ ಬರುವ ತನಕ ಬಾಗಿಲಲ್ಲಿ ಕಾಯಬೇಕು. ನನಗೆ ಇದರಲ್ಲಿ ಸ್ವಲ್ಪ ಸೊಕ್ಕು ಇತ್ತು. ಇರಲಿ ಬಿಡಿ, ಇದ್ದರೆ ತಪ್ಪೇನು?

ಕೋಗಿಲವಾಣಿಯ ದನಿ ಬೆಚ್ಚಗಿರುತ್ತದೆ ಎಂದು ಜನ ಆಡಿಕೊಳ್ಳತೊಡಗಿದರು. ಬಿಜಾಪುರ, ರಾಯಚೂರು, ಸೊಲ್ಲಾಪುರಕ್ಕೂ ಕ್ಯಾಸೆಟ್ಟು ಹೋದವು. ಹೊಸ ಯಂತ್ರದ ಗುಣ ಎಂದರು ಸಾವಕಾರರು. ದಾವಲಸಾಬ ನನ್ನ ಕಡೆ ನೋಡಿ ಮೀಸೆಯೊಳಗೆ ನಕ್ಕ.

ಹೆಸರು ಬೆಳೆದಂತೆ ಸಾವಕಾರರಿಗೆ ಇನ್ನೊಂದು ಯೋಚನೆ ಬಂತು. ಫಕೀರವ್ವ ಹೊಸ ಪದ ಹಾಡಲು ಬಂದ ದಿನ ಅವರೇ ಬಂದು ಕುರ್ಚಿ ಎಳೆದುಕೊಂಡು ಕೂತರು.

"ಫಕೀರವ್ವ, ಪದಾ ಛಲೋ ಐತಿ. ಕಡೀ ನುಡಿ ಒಂದೀಟು ಬದಲಿ ಮಾಡು. ಊರ ಹೆಸರು ತಗದು ಅಲ್ಲೆ ನಮ್ಮ ಕಂಪನಿ ಹೆಸರು ಹಾಕು."

"ಹೆಂಗ್ರೀ ಅದು?"

"ಊರು ನಮ್ಮದು ಅನ್ನೋ ಕಡೆ ಕೋಗಿಲವಾಣಿ ನಮ್ಮದು ಅನ್ನು. ಸೊಲ್ಲಾಪುರದವಗ ನಿಮ್ಮ ಕಣವಿಹಾಳ ಎಲ್ಲೈತಂತ ಏನ ಗೊತ್ತು?"

"ಗೊತ್ತಿಲ್ಲಂತನಽ ಹೇಳೂದ್ರಿ," ಎಂದಳು ಫಕೀರವ್ವ.

ಕರಿಯವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ಕೋಗಿಲವಾಣ್ಯಾಗ ಕೆರಿ ಐತೇನ್ರಿ ಸಾವಕಾರ್ರ? ನಮ್ಮ ಎಮ್ಮಿ ಎಲ್ಲೆ ಬೀಳಬೇಕು?"

ಸಾವಕಾರರ ಮುಖ ಬಿಗಿಯಿತು. "ನೀವು ಹಾಡದಿದ್ರ ಬಿಡ್ರಿ. ಹಾಡಿದ ಮ್ಯಾಲೆ ಕತ್ತರಿ ನನ್ನ ಕೈಯಾಗ ಇರ್ತೈತಿ. ಬಾಕಿ ಮೇಳದವರದೂ ಇನ್ನ ಮ್ಯಾಲೆ ಹಂಗಽ. ಯಾರ ಊರೂ ಬ್ಯಾಡ."

ಕೊನೆಯ ನುಡಿ ಹೋದರೆ ಏನು ಹೋಗುತ್ತದೆ ಎಂದು ನೀವು ಕೇಳಬಹುದು. ಬಸಲಿಂಗ ಗುರು ಸತ್ತು ಎಷ್ಟೋ ವರ್ಷವಾಗಿತ್ತು. ಅವನಿಗೆ ಮಕ್ಕಳಿಲ್ಲ, ಗದ್ದುಗೆಯಿಲ್ಲ, ಕಲ್ಲಿನ ಮೇಲೆ ಹೆಸರಿಲ್ಲ. ಭೂಮಿಯ ಮೇಲೆ ಅವನು ಉಳಿದಿದ್ದು ಆ ಒಂದು ಸಾಲಿನಲ್ಲಿ ಮಾತ್ರ.

ಫಕೀರವ್ವ ದಪ್ಪನ್ನು ಚೀಲಕ್ಕೆ ಹಾಕಿದಳು. ಸೀರೆ ಎತ್ತಿ ಕಟ್ಟಿ, ಮೂಲೆಯಲ್ಲಿದ್ದ ನಿಚ್ಚಣಿಕೆಯನ್ನು ತಂದು ಗೋಡೆಗೆ ಆನಿಸಿದಳು. ಮೊದಲು ಬಿಚ್ಚಿದ್ದು ನನ್ನ ಗಂಟನ್ನೇ.

"ಏ, ಏನ ಮಾಡ್ತೀ?"

"ಊರ ಹೆಸರು ಬ್ಯಾಡ ಅಂದ್ರೆಲ್ಲ. ಇವೂ ಊರಿನವಽ."

ಸಾವಕಾರರು ತಿರುಗಿ ನೋಡಿದರೆ ನಿಚ್ಚಣಿಕೆಯ ಬುಡ ಹಿಡಿದು ನಿಂತವನು ದಾವಲಸಾಬ.

"ದಾವಲಾ! ನೀ ಯಾರ ಕಡೆಯವಲೇ?"

"ನೆಲಾ ಜಾರತೈತ್ರಿ ಸಾವಕಾರ್ರ. ಹೆಣ್ಮಗಳು ಬಿದ್ದಾಳು ಅಂತ ಹಿಡದೀನಿ."

ಒಂದೊಂದಾಗಿ ನಾವೆಲ್ಲ ಇಳಿದೆವು. ಗೋಡೆಗಳು ಬತ್ತಲೆ ನಿಂತವು. ಕೊನೆಯ ಕೌದಿ ಹೊರಬಿದ್ದಾಗ ಸಾವಕಾರರು "ಹೋಗ್ರಿ" ಎಂದು ಕೂಗಿದರು. ಗೋದಾಮು ಹೋಗ್ರಿ, ಹೋಗ್ರಿ, ಹೋಗ್ರಿ ಎಂದು ಅವರಿಗೇ ತಿರುಗಿ ಹೇಳಿತು.

ಊರಿಗೆ ಹೋದ ನಾನು ಹಾಸಿಗೆಯ ಕೆಲಸಕ್ಕೆ ಮರಳಿದೆ. ಮುಂದಿನದನ್ನು ದಾವಲಸಾಬನೇ ಬಂದು ಹೇಳಿದ. ಸಾವಕಾರರು ಮುಚ್ಚಿಹೋದ ನಾಟಕ ಕಂಪನಿಯೊಂದರ ಪರದೆಗಳನ್ನು ತಂದು ಕಟ್ಟಿಸಿದರಂತೆ. ಒಂದರಲ್ಲಿ ಅರಮನೆ, ಒಂದರಲ್ಲಿ ಕಾಡು, ಹುಲಿ. ಬಣ್ಣ ಹತ್ತಿ ಬಿರುಸಾದ ಬಟ್ಟೆ. ಸದ್ದು ಬಡಿದು ವಾಪಸು ಬರುತ್ತಿತ್ತು. ತತ್ವಪದದ ಅಜ್ಜನೊಬ್ಬ ಹಾಡುವಾಗ ಹುಲಿಯ ಬಾಯಿಂದ ಇನ್ನೊಬ್ಬ ಅಜ್ಜ ಹಾಡಿದಂತೆ ಕೇಳಿ, ಮುದುಕ ಹೆದರಿ ಎದ್ದುಹೋದನಂತೆ. ಅಂಗಡಿಯವರು ಕ್ಯಾಸೆಟ್ಟು ತಿರುಗಿ ಕಳಿಸಿದರಂತೆ: ಇದು ಬಾವಿಯೊಳಗೆ ಬಿದ್ದವರ ಹಾಡು ಎಂದು.

ಸೀಗಿ ಹುಣ್ಣಿಮೆಯ ಹೊತ್ತಿಗೆ ಸಾವಕಾರರೇ ಜೀಪಿನಲ್ಲಿ ಬಂದರು. ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ನೆಲ ನೋಡುತ್ತ ಹೇಳಿದರು: "ನಿನ್ನ ಕಡೀ ನುಡಿ ಇರಲವ್ವಾ. ಕತ್ತರಿ ಮುಟ್ಟೂದಿಲ್ಲ."

"ನಂದೊಂದಽ?"

ಸಾವಕಾರರು ಬಟ್ಟಲನ್ನು ಕೆಳಗಿಟ್ಟರು. "ಎಲ್ಲಾರದೂ."

ನಾನು ಹಸಿಹಸಿಯಾಗಿ ಕಟ್ಟೆಯ ಮೇಲೆ ಒಣಗುತ್ತಿದ್ದೆ. ಆ ಮಾತನ್ನು ಕೇಳಿಸಿಕೊಂಡೆ. ಒಣಗಿದ ಮೇಲೆ ನಾವೆಲ್ಲ ಮತ್ತೆ ಗಾಡಿಯೇರಿ ಗದಗಿನ ಗೋಡೆ ಸೇರಿದೆವು. ಅಂದಿನಿಂದ ಕೋಗಿಲವಾಣಿಯ ಯಾವ ಕ್ಯಾಸೆಟ್ಟಿನಲ್ಲೂ ಕೊನೆಯ ನುಡಿ ತುಂಡಾಗಲಿಲ್ಲ. ನಕಾಶೆಯಲ್ಲಿ ಚುಕ್ಕೆಯೂ ಇಲ್ಲದ ಹಳ್ಳಿಗಳ ಹೆಸರು ಸೊಲ್ಲಾಪುರದ ಚಹಾದಂಗಡಿಯಲ್ಲಿ ಕೇಳಿಬಂದವು.

ಎಲ್ಲಕ್ಕೂ ಒಂದು ಮುಪ್ಪು ಇದೆ. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಅದೂ ಹೋಗಿ ಉಗುರಿನಷ್ಟು ಚೂರಿನಲ್ಲಿ ಸಾವಿರ ಹಾಡು ತುಂಬಿ ಕೊಡುವ ಅಂಗಡಿಗಳು ಬಂದವು. ಸಾವಕಾರರು ತೀರಿಕೊಂಡರು. ಗೋದಾಮಿಗೆ ಬೀಗ ಬಿತ್ತು. ನನ್ನ ಜೊತೆಯವರು ಕೆಲವರು ಊರಿಗೆ ಹೋದರು, ಕೆಲವರು ಅಲ್ಲೇ ಜೀರ್ಣವಾದರು. ಟೇಪಿನ ಯಂತ್ರಕ್ಕೆ ಧೂಳು ಕೂರದಿರಲಿ ಎಂದು ದಾವಲಸಾಬ ನನ್ನನ್ನು ಅದಕ್ಕೆ ಹೊದಿಸಿದ್ದ. ಯಂತ್ರವನ್ನು ಗುಜರಿಯವರು ಹೊತ್ತೊಯ್ದಾಗ ನಾನು ನೆಲದ ಮೇಲೆ ಉಳಿದೆ.

ಅಲ್ಲಿಂದ ನನ್ನನ್ನು ಎತ್ತಿದವನು ಸಾವಕಾರರ ಮೊಮ್ಮಗ ನಿಖಿಲ. ಗೋದಾಮು ಕೆಡವಿ ಆ ಜಾಗದಲ್ಲಿ ಹೋಟೆಲು ಕಟ್ಟಿಸಿದ. ನನ್ನನ್ನು ದೊಡ್ಡ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಮೇಲೆ ದೀಪ ಹಚ್ಚಿ, ಉದ್ಘಾಟನೆಗೆ ಫಕೀರವ್ವನನ್ನೂ ದಾವಲಸಾಬನನ್ನೂ ಕಾರು ಕಳಿಸಿ ಕರೆಸಿದ. ಫಕೀರವ್ವ ಕೋಲೂರಿ ಬಂದಳು. ಗಾಜಿಗೆ ಮೂಗು ಹಚ್ಚಿ ನೋಡಿದಳು.

"ದಾವಲಣ್ಣ, ಆ ಹಲಗಿ ಮ್ಯಾಲೆ ಏನ ಬರದೈತಿ?"

ಅವನು ಕನ್ನಡಕ ಏರಿಸಿ ಓದಿದ: "ಕೋಗಿಲವಾಣಿ ಸ್ಟುಡಿಯೋದ ಅಪರೂಪದ ಕೌದಿ."

"ಊರು?"

"ಇಲ್ಲವ್ವಾ."

ಅವಳು ನಿಖಿಲನ ಕಡೆ ತಿರುಗಿದಳು. "ತಮ್ಮಾ, ನಿಮ್ಮಜ್ಜಗ ಒಮ್ಮೆ ಹೇಳಿದ್ದೆ. ನಿನಗ ಇನ್ನೊಮ್ಮೆ ಹೇಳಬೇಕಾತು. ಬಾಗಿಲಾ ತಗಿ."

"ಅಜ್ಜಿ, ಬೋರ್ಡು ಬೇರೆ ಮಾಡಿಸ್ತೀನ್ರಿ. ಬರಾಕ ಎಂಟ ದಿನಾ ಹಿಡೀತೈತಿ."

"ಮಾಡಸು. ಅಲ್ಲೀತನಾ ಕೌದಿ ನಮ್ಮನ್ಯಾಗ ಇರ್ತೈತಿ."

ಬಂದ ಅತಿಥಿಗಳೆಲ್ಲ ನೋಡುತ್ತಿದ್ದಂತೆ ನಾನು ದಾವಲಸಾಬನ ಹೆಗಲ ಮೇಲೆ ಕೂತು ಹೊರಬಿದ್ದೆ.

ಹೊಸ ಬೋರ್ಡು ಬಂತು. ಕಣವಿಹಾಳ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದಾನಂತೆ. ಆದರೆ ಅಷ್ಟರಲ್ಲಿ ಫಕೀರವ್ವನ ಮೊಮ್ಮಗಳು ಹಡೆದಿದ್ದಳು, ನನಗೆ ಬೇರೆ ಕೆಲಸ ಸಿಕ್ಕಿತ್ತು. ಗದಗಿನ ಆ ಹೋಟೆಲಿನಲ್ಲಿ ಈಗಲೂ ಖಾಲಿ ಗಾಜಿನ ಪೆಟ್ಟಿಗೆ ಇದೆ, ಅದರ ಮೇಲೆ ನಮ್ಮೂರಿನ ಹೆಸರಿದೆ. ಇರಲಿ. ಹೆಸರು ಅಲ್ಲಿರಲಿ, ನಾನು ಇಲ್ಲಿರುತ್ತೇನೆ. ನನ್ನ ಮೇಲೆ ಕೂಸು ಉಚ್ಚೆ ಹೊಯ್ಯುತ್ತದೆ, ಬಿಸಿಲಿಗೆ ಹಾಕುತ್ತಾರೆ, ಮತ್ತೆ ಹಾಸುತ್ತಾರೆ. ಗಾಜಿನೊಳಗೆ ನಿಂತು ಒಣಗುವುದಕ್ಕಿಂತ ಇದು ಮೇಲು.

ಇಷ್ಟು ಹೊತ್ತು ಕೇಳಿದಿರಿ. ಕಟ್ಟಳೆಯಂತೆ ಇನ್ನು ಕೊನೆಯ ನುಡಿ. ಇದನ್ನು ಕತ್ತರಿಸಲು ಯಾರಾದರೂ ಕತ್ತರಿ ತಂದಿದ್ದರೆ ತರಲಿ. ನನ್ನ ಮೈತುಂಬ ಇರುವುದೇ ಕತ್ತರಿಯ ಗುರುತು. ಅದಕ್ಕೆ ನಾನು ಹೆದರುವವಳಲ್ಲ.

ಕೆರಿಯ ಕೆಳಗಿನ ಊರು ಕಣವಿಹಾಳ ನಂದು
ಸೂಜಿ ಹಿಡಿದ ಕೈ ನಮ್ಮ ಫಕೀರವ್ವಂದು
ತುಂಡು ತುಂಡು ಅರಿವಿ ಮನಿ ಮನಿಯವರದು
ಹರದ್ರ ಹೊಲೀರಿ, ಮರೀಬ್ಯಾಡ್ರಿ ಹೆಸರು ಊರಿಂದು